ಬೂದು ಕುದುರೆಯ ನಾಯಿ

ತೈಗಾನ್ ಎಂಬ ಬೇಟೆನಾಯಿಯನ್ನು ಯಾರೂ ಮಾರುವುದಿಲ್ಲ, ಯಾರೂ ಕೊಳ್ಳುವುದಿಲ್ಲ. ಒಬ್ಬ ಕೊಡುತ್ತಾನೆ, ಇನ್ನೊಬ್ಬ ಪಡೆಯುತ್ತಾನೆ. ಪಡೆದವನು ಒಂದು ಚಾವಟಿಯನ್ನೋ ಸೊಂಟದ ಚೂರಿಯನ್ನೋ ಕೊಟ್ಟವನ ಕೈಗಿಟ್ಟು ಸುಮ್ಮನಾಗಬೇಕು. ಹಾಗಾಗಿ ಬೀಗ ಎಸೆಂಗುಲ್ ಬೆಟ್ಟದಾಚೆಯ ನಾರಿನ್ ಕಡೆಯಿಂದ ತನ್ನ ಹಳೆಯ ಜೀಪಿನಲ್ಲಿ ನಾಯಿಯೊಂದನ್ನು ಹಾಕಿಕೊಂಡು ಬಂದು ಅಂಗಳದಲ್ಲಿ ಇಳಿಸಿದಾಗ ತಾಬಾಲ್ದಿ ಏನೂ ಕೇಳಲಿಲ್ಲ. ಗೋಡೆಗೆ ನೇತುಹಾಕಿದ್ದ ತನ್ನ ಒಳ್ಳೆಯ ಚಾವಟಿಯನ್ನು ತಂದು ಬೀಗನ ಕೈಯಲ್ಲಿಟ್ಟ.

ಎರಡು ವರ್ಷ ತುಂಬದ ಹೆಣ್ಣು ನಾಯಿ. ಮರಳಿನ ಬಣ್ಣ, ಕಿವಿಯಿಂದ ಜೋಲುವ ಉದ್ದ ಕೂದಲು, ಬಾಲದ ತುದಿಯಲ್ಲಿ ಉಂಗುರದಂಥ ಸುರುಳಿ, ಬೆನ್ನಿನ ಮೂಳೆ ಎಣಿಸಬಹುದಾದಷ್ಟು ತೆಳು ಮೈ. ಹೆಸರು ಶಮಾಲ್, ಅಂದರೆ ಗಾಳಿ. ಅದು ಜೀಪಿನಿಂದ ಇಳಿದು ಅಂಗಳದ ಕೋಳಿಗಳನ್ನಾಗಲಿ ಮನುಷ್ಯರನ್ನಾಗಲಿ ಲೆಕ್ಕಕ್ಕೆ ತೆಗೆದುಕೊಳ್ಳದೆ ದೂರದ ಬೆಟ್ಟದ ಕಡೆ ನೋಡುತ್ತ ನಿಂತಿತು. ತಾಬಾಲ್ದಿಗೆ ಅಲ್ಲೇ ಮನಸ್ಸು ಸೋತಿತು.

ಎಸೆಂಗುಲ್ ಮೂರನೆಯ ಬಟ್ಟಲು ಚಹಾ ಮುಗಿಸುವವರೆಗೂ ಹವೆ, ಹುಲ್ಲು, ಮೊಮ್ಮಕ್ಕಳು ಎಂದೆಲ್ಲ ಸುತ್ತಿ ಬಳಸಿ ಮಾತಾಡಿದ. ಆಮೇಲೆ ಬಟ್ಟಲು ಕೆಳಗಿಟ್ಟ. "ಬೀಗರೇ, ಒಂದ್ ಮಾತು ಹೇಳ್ಬಿಡ್ತೀನಿ, ನಾಳೆ ಮುಚ್ಚಿಟ್ಟ ಅನ್ಬಾರ್ದು. ಓಟದಲ್ಲಿ ಇವಳನ್ನ ಮೀರ್ಸೋ ನಾಯಿ ನಮ್ ಕಡೆ ಇಲ್ಲ. ಆದ್ರೆ ಬಾಯಿ ಕೆಟ್ಟಿದೆ. ನಾವು ಹೋಗೋ ಹೊತ್ಗೆ ಹಿಡಿದಿದ್ದನ್ನ ತಿಂದ್ಬಿಟ್ಟಿರ್ತಾಳೆ."

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಎನ್ನುತ್ತಾರೆ. ಇಲ್ಲಿ ತೊಂದರೆ ಇದ್ದದ್ದೇ ಹಲ್ಲಿನಲ್ಲಿ. ದೇವರ ಹೆಸರು ಹೇಳಿ ಬಿಟ್ಟ ನಾಯಿ ಹಿಡಿದದ್ದು ಯಜಮಾನನಿಗಾಗಿ ಹಿಡಿದದ್ದು. ಅದನ್ನು ಮನೆಗೆ ತಂದು ಉಣ್ಣಬಹುದು. ನಾಯಿ ಅದರಲ್ಲಿ ಒಂದೇ ಒಂದು ತುತ್ತು ಕಿತ್ತು ತಿಂದರೂ ಅದು ತನಗಾಗಿ ಹಿಡಿದುಕೊಂಡದ್ದು, ಆ ಮಾಂಸ ಹೊಸಿಲು ದಾಟುವಂತಿಲ್ಲ. ಅಂಥ ನಾಯಿ ಎಷ್ಟು ಓಡಿದರೇನು, ಓಡದಿದ್ದರೇನು. ಊರಿನ ಜನ ಮರುದಿನವೇ ಮಾತಾಡಿಕೊಂಡರು: ಎಸೆಂಗುಲ್ ತನ್ನ ಮನೆಯ ಕಸವನ್ನು ಬೀಗರ ಅಂಗಳದಲ್ಲಿ ಸುರಿದು ಚಾವಟಿ ಗಿಟ್ಟಿಸಿಕೊಂಡು ಹೋದ.

ತಾಬಾಲ್ದಿ ಆ ಊರಿನ ನೀರುಗಂಟಿ. ಮಂಜುಗಡ್ಡೆ ಕರಗಿ ಬೆಟ್ಟದಿಂದ ಇಳಿಯುವ ನೀರನ್ನು ಕಾಲುವೆಯಲ್ಲಿ ಹರಿಸಿ, ಯಾರ ಏಪ್ರಿಕಾಟ್ ತೋಟಕ್ಕೆ ಯಾವತ್ತು ತೂಬು ತೆಗೆಯಬೇಕು, ಯಾವತ್ತು ಮುಚ್ಚಬೇಕು ಎಂದು ನೋಡಿಕೊಳ್ಳುವುದು ಅವನ ಕೆಲಸ. ಕೆಳಗೆ ಇಸ್ಸಿಕ್-ಕುಲ್ ಸರೋವರ, ಮೇಲೆ ಬೆಟ್ಟ, ನಡುವೆ ಅವನು ಮತ್ತು ಅವನ ಬೂದು ಕುದುರೆ. ಬೇಸಿಗೆಯಲ್ಲಿ ಎಲ್ಲರೂ ಅವನಿಗೆ ನಮಸ್ಕಾರ ಹೇಳುತ್ತಾರೆ, ಚಳಿಗಾಲದಲ್ಲಿ ನೀರು ನಿಂತ ಮೇಲೆ ಯಾರಿಗೂ ಅವನ ನೆನಪಿರುವುದಿಲ್ಲ. ಅವನಿಗೆ ಚಳಿಗಾಲವೇ ಇಷ್ಟ. ಚಿಕ್ಕಂದಿನಿಂದ ಚಳಿಗಾಲವೆಂದರೆ ಕುದುರೆ, ನಾಯಿ ಮತ್ತು ಮೊಲ, ಇಷ್ಟೇ ಅವನ ಲೋಕ.

ಆದರೆ ಆ ಲೋಕ ಈಗ ಸುತ್ತಲಿಂದ ಮುಚ್ಚಿಕೊಳ್ಳುತ್ತಿತ್ತು. ಅವನ ಕಣ್ಣಿಗೆ ನಡುವೆ ಮಾತ್ರ ಕಾಣುತ್ತಿತ್ತು, ಅಂಚಿನಲ್ಲಿ ಏನೂ ಇರಲಿಲ್ಲ. ಬಾಗಿಲ ಸಂದಿಯಿಂದ ನೋಡಿದ ಹಾಗೆ. ಕರಾಕೋಲ್ ಪಟ್ಟಣದ ವೈದ್ಯೆ ಹನಿಮದ್ದು ಕೊಟ್ಟು, ಸಂದಿ ಕಿರಿದಾಗುತ್ತ ಹೋಗುತ್ತದೆ, ಮುಂದಿನ ಚಳಿಗಾಲದ ಹೊತ್ತಿಗೆ ಏನೂ ಹೇಳಲಾಗದು ಎಂದಿದ್ದಳು. ಇದು ಅವನ ಹೆಂಡತಿ ಬುರುಲ್‌ಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಹಿಂದಿನ ಚಳಿಗಾಲದಲ್ಲಿ ಕುದುರೆ ಬಿಲವೊಂದರಲ್ಲಿ ಕಾಲಿಟ್ಟು ಮುಗ್ಗರಿಸಿ ಅವನನ್ನು ಎಸೆದಿತ್ತು. ಕುದುರೆಗೆ ವಯಸ್ಸಾಯಿತು ಎಂದು ಅವನು ಊರಿಗೆಲ್ಲ ಹೇಳಿಕೊಂಡು ಬಂದ. ಪಾಪದ ಕುದುರೆ ಆ ಅಪವಾದವನ್ನು ಹೊತ್ತುಕೊಂಡಿತು.

ತೈಗಾನ್‌ಗಳ ರೀತಿಯೇ ಬೇರೆ. ಅವು ಮೊಲವನ್ನು ಓಡಿಸಿಕೊಂಡು ಹೋಗಿ ಹಿಡಿದು, ಅಲ್ಲೇ ಅದುಮಿಕೊಂಡು ನಿಲ್ಲುತ್ತವೆ. ಸವಾರ ಕುದುರೆಯನ್ನು ನಾಗಾಲೋಟದಲ್ಲಿ ಬಿಟ್ಟು ಅಲ್ಲಿಗೆ ತಲುಪಬೇಕು. ತಾಬಾಲ್ದಿಗೆ ಇನ್ನು ಆ ಓಟ ಸಾಧ್ಯವಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಹಿಡಿದದ್ದನ್ನು ಹೊತ್ತು ತರುವ ನಾಯಿ. ಅಂಥದ್ದೊಂದು ಇತ್ತೆಂದು ಅವನ ಅಪ್ಪ ಹೇಳುತ್ತಿದ್ದ; ಬಯಲಿನ ಆಚೆ ತುದಿಯಿಂದ ಮೊಲವನ್ನು ಜೀವಂತ ತಂದು ಯಜಮಾನನ ಅಂಗೈಯಲ್ಲಿ ಇಡುತ್ತಿತ್ತಂತೆ. ತಾಬಾಲ್ದಿ ಅದನ್ನು ಕಟ್ಟುಕಥೆ ಎಂದುಕೊಂಡೇ ಬೆಳೆದಿದ್ದ. ಈಗ ಆ ಕಟ್ಟುಕಥೆ ನಿಜವಾಗಬೇಕೆಂದು ಅವನಿಗೆ ಹಟ ಹುಟ್ಟಿತು. ಬೇಟೆ ಸಿಗಲಿ ಎಂಬ ಆಸೆಗಿಂತ, ಅದನ್ನು ನೋಡಬೇಕು ಎಂಬ ಆಸೆಯೇ ದೊಡ್ಡದಾಗಿತ್ತು. ಸಂದಿ ಪೂರ್ತಿ ಮುಚ್ಚುವ ಮುಂಚೆ, ನಾಯಿಯೊಂದು ಬಾಯಿಗೆ ಬಂದ ತುತ್ತನ್ನು ತಿನ್ನದೆ ತನ್ನತ್ತ ಹೊತ್ತು ಬರುವುದನ್ನು ಒಮ್ಮೆ ಕಣ್ಣಾರೆ ಕಾಣಬೇಕು.

ಬುರುಲ್‌ಗೆ ಇದನ್ನು ಹೇಳಿದಾಗ ಅವಳು ಹಿಟ್ಟು ನಾದುತ್ತಿದ್ದಳು. "ಮೆಕ್ಕಾ ನೋಡ್ಬೇಕು ಅನ್ನೋರನ್ನ ಕೇಳಿದೀನಿ. ಮರಿಮಕ್ಕಳ ಮುಖ ನೋಡ್ಬೇಕು ಅನ್ನೋರನ್ನ ಕೇಳಿದೀನಿ. ನಮ್ಮನೆಯವರಿಗೆ ನೋಡಿ, ನಾಯಿ ಬಾಯಲ್ಲಿ ಮೊಲ ನೋಡ್ಬೇಕಂತೆ," ಎಂದಳು. ಹಾಗೆಂದವಳೇ ಸಂಜೆಗೆ ಒಲೆಯ ಪಕ್ಕ ಹಳೆಯ ಕಂಬಳಿಯೊಂದನ್ನು ಮಡಿಸಿ ಹಾಸಿದಳು. ಬೇರೆ ನಾಯಿಗಳು ಹೊಸಿಲಾಚೆ. ತೈಗಾನ್ ಮಾತ್ರ ಮನೆಯೊಳಗೆ.

ತಾಬಾಲ್ದಿ ಶಮಾಲ್‌ಳ ಬಾಯಿ ಕೆಟ್ಟದ್ದು ಹೇಗೆಂದು ಕೆಲವು ದಿನ ಯೋಚಿಸಿದ. ಬೀಗರ ಕಡೆ ಬೇಟೆಯೆಂದರೆ ಗದ್ದಲ. ಏಳೆಂಟು ಸವಾರರು ಕೂಗುತ್ತ ಬಂದು, ಚಾವಟಿ ಬೀಸಿ, ನಾಯಿಯ ಬಾಯಿಂದ ಮೊಲವನ್ನು ಕಸಿಯುತ್ತಾರೆ. ಕಸಿಯುವವರು ಬರುತ್ತಾರೆಂದು ಗೊತ್ತಿದ್ದರೆ ಯಾರು ತಾನೇ ಬೇಗಬೇಗ ನುಂಗುವುದಿಲ್ಲ? ಇವಳದ್ದು ಹೊಟ್ಟೆಬಾಕತನ ಅಲ್ಲ, ಭಯ ಎಂದು ಅವನು ತೀರ್ಮಾನಿಸಿದ. ಅಂದಿನಿಂದ ಆ ಮನೆಯಲ್ಲಿ ಅವಳ ಬಾಯಿಂದ ಯಾರೂ ಏನನ್ನೂ ಕಸಿಯುವಂತಿರಲಿಲ್ಲ. ಬುರುಲ್‌ಳ ಒಂದು ಬೂಟನ್ನು ಅವಳು ಒಲೆಯ ಹಿಂದೆ ಎಳೆದೊಯ್ದಾಗಲೂ ತಾಬಾಲ್ದಿ ನೆಲದ ಮೇಲೆ ಕೂತು, ಅಂಗೈಯಲ್ಲಿ ಕುರಿಬಾಲದ ಕೊಬ್ಬಿನ ತುಂಡೊಂದನ್ನು ಹಿಡಿದು, ಚಹಾ ಆರುವವರೆಗೂ ಕಾದ. ಕೊನೆಗೆ ಶಮಾಲ್ ಬೂಟನ್ನು ತಂದು ಅವನ ಮೊಣಕಾಲ ಹತ್ತಿರ ಹಾಕಿ ಕೊಬ್ಬನ್ನು ತೆಗೆದುಕೊಂಡಳು. ಕೊಟ್ಟರೆ ಕಳೆದುಕೊಳ್ಳುವುದಿಲ್ಲ ಎಂಬ ಮಾತು ಅವಳ ತಲೆಗೆ ಹೋದದ್ದು ಅವತ್ತು.

ಆಮೇಲೆ ಮೊಲದ ಚರ್ಮ. ಅದಕ್ಕೆ ಉಣ್ಣೆ ತುಂಬಿ ಹೊಲಿದು ಎಸೆದರೆ ಮೊದಲ ಸಲ ಅವಳು ಅದನ್ನು ಮೂಲೆಗೆ ಒಯ್ದು ಸಿಗಿದು ಹಾಕಿದಳು, ಮನೆಯೆಲ್ಲ ಉಣ್ಣೆ. ಎರಡನೆಯ ಸಲವೂ ಹಾಗೇ ಆಯಿತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ಬುರುಲ್ ಉಣ್ಣೆ ಆರಿಸುತ್ತ ಗೊಣಗಿದಳು. ತಾಬಾಲ್ದಿ ಹೊಡೆಯಲಿಲ್ಲ, ಬೈಯಲಿಲ್ಲ. ಮತ್ತೆ ಹೊಲಿದ. ಹೊಲಿಯುವಾಗ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದವಳು ಬುರುಲ್.

ಬಾಯಿ ಮೆತ್ತಗಾಗಲು ಮೊಟ್ಟೆಯನ್ನು ಹಿಡಿಸಬೇಕೆಂದು ಅವನು ಹೇಳಿದಾಗ ಬುರುಲ್ ಮುಖ ಗಂಟಿಕ್ಕಿದಳು, ಏಕೆಂದರೆ ಕೋಳಿಗಳು ಆಗ ಇಡುತ್ತಿದ್ದದ್ದೇ ಅಪರೂಪ. ಬೇಯಿಸಿದ ಮೊಟ್ಟೆಯಿಂದ ಶುರುವಾಯಿತು. ಕೆಲವನ್ನು ಶಮಾಲ್ ಸಿಪ್ಪೆಸಹಿತ ನುಂಗಿದಳು. ಬೇಸಿಗೆ ಮುಗಿದು ಬೆಟ್ಟದ ಮೇಲೆ ಮೊದಲ ಬಿಳುಪು ಕಾಣಿಸಿಕೊಂಡ ಒಂದು ಬೆಳಿಗ್ಗೆ ತಾಬಾಲ್ದಿ ಅಂಗಳದ ಆ ತುದಿಯಲ್ಲಿ ಹಸಿ ಮೊಟ್ಟೆ ಇಟ್ಟು ಈ ತುದಿಗೆ ಬಂದು ನಿಂತ. ಅವಳು ಅದನ್ನು ಬಾಯಲ್ಲಿ ತೆಗೆದುಕೊಂಡಳು. ತಲೆ ಸ್ವಲ್ಪ ಎತ್ತಿ, ನೆಲ ಬಿಸಿಯಾಗಿದೆಯೋ ಎಂಬಂತೆ ಹೆಜ್ಜೆ ಎತ್ತೆತ್ತಿ ಇಡುತ್ತ ಬಂದು, ಅವನ ಅಂಗೈಗೆ ಅದನ್ನು ಜಾರಿಸಿದಳು. ಸಿಪ್ಪೆಯ ಮೇಲೆ ಜೊಲ್ಲು ಬಿಟ್ಟರೆ ಒಂದು ಗೀರೂ ಇರಲಿಲ್ಲ. ಬುರುಲ್ ಹೊಸಿಲಲ್ಲಿ ನಿಂತಿದ್ದಳು. ತೋಳದ ಕತ್ತು ಮುರಿಯಬಲ್ಲ ದವಡೆ ಅದು. ಅವಳು ಆ ಮೊಟ್ಟೆಯನ್ನು ಅವನ ಕೈಯಿಂದ ತೆಗೆದುಕೊಂಡು, ಕಪಾಟಿನಲ್ಲಿ ಬೇರೆಯಾಗಿ ಇಟ್ಟಳು, ಮತ್ತು ಅದನ್ನು ಯಾರಿಗೂ ಬೇಯಿಸಲಿಲ್ಲ.

ಇನ್ನು ಹೊರಗಿನ ಪಾಠ. ತಾಬಾಲ್ದಿ ಬೂದು ಕುದುರೆಯನ್ನೇರಿ ಕಾಲುವೆಯುದ್ದಕ್ಕೂ ಹೋಗುವಾಗ ಶಮಾಲ್ ಜೊತೆಗಿರುತ್ತಿದ್ದಳು. ಜೀನಿನ ಮೇಲಿಂದಲೇ ಚರ್ಮದ ಮೊಲವನ್ನು ಎಸೆಯುವುದು, ಅವಳು ಅವನು ಕಾಲಿಟ್ಟ ರಿಕಾಪಿನ ಪಕ್ಕಕ್ಕೆ ತಂದು ತಲೆ ಎತ್ತುವುದು, ಅವನು ಬಗ್ಗಿ ತೆಗೆದುಕೊಂಡು ಕೊಬ್ಬು ಕೊಡುವುದು. ಹೀಗೆ ಇಡೀ ಶರತ್ಕಾಲ ಕಳೆಯಿತು. ಪಕ್ಕದ ಮನೆಯ ಮಂಬೆತ್ ಇದನ್ನೆಲ್ಲ ನೋಡುತ್ತಿದ್ದ. ಇವನು ಬೇಟೆಹದ್ದು ಸಾಕಿದವನು. ಬೇಸಿಗೆಯಲ್ಲಿ ಪ್ರವಾಸಿಗರ ತೋಳಿನ ಮೇಲೆ ಅದನ್ನು ಕೂರಿಸಿ ಫೋಟೋ ತೆಗೆಸುತ್ತಾನೆ, ಆದ್ದರಿಂದ ಬೇಟೆಯ ಬಗ್ಗೆ ಅವನಿಗೆ ಗೊತ್ತಿಲ್ಲದ್ದೇ ಇಲ್ಲ. "ತಾಬಾಕೆ, ನಾಯಿಗೆ ಮೊಟ್ಟೆ ಹೊರೋದು ಕಲಿಸಿದ್ರಿ, ಇನ್ನು ಕಾವು ಕೊಡೋದೂ ಕಲಿಸಿ," ಎಂದು ಬೇಲಿಯಾಚೆಯಿಂದ ಹೇಳುತ್ತಿದ್ದ; ಹಿರಿಯರ ಹೆಸರನ್ನು ಅಲ್ಲಿ ಗೌರವಕ್ಕೆ ಹಾಗೆ ಮೊಟಕು ಮಾಡಿ ಕರೆಯುತ್ತಾರೆ.

ಮೊದಲ ಹಿಮ ಬಿತ್ತು. ಮುಳ್ಳುಪೊದೆಯಿಂದ ಮೊಲವೊಂದು ಎದ್ದಿತು. ತಾಬಾಲ್ದಿ ಬಿಸ್ಮಿಲ್ಲಾ ಹೇಳಿ, "ಆಯ್ತ್" ಎಂದು ಕೂಗಿ ನಾಯಿಯನ್ನು ಛೂ ಬಿಟ್ಟ. ಶಮಾಲ್ ಅವನ ಕಣ್ಣಿನ ಸಂದಿಯಿಂದ ಒಂದೇ ನೆಗೆತಕ್ಕೆ ಮಾಯವಾದಳು. ಅವನು ಕುದುರೆಯ ಮೇಲೆ ಕೂತು ಬಿಳಿಯ ಬಯಲಿನಲ್ಲಿ ತಲೆ ಆಚೆ ಈಚೆ ತಿರುಗಿಸುತ್ತ ಹುಡುಕಿದ. ಏನೂ ಕಾಣಲಿಲ್ಲ. ತಿಂದುಬಿಟ್ಟಳು ಎಂದುಕೊಂಡ. ಅಷ್ಟರಲ್ಲಿ ಎಡಗಾಲ ಬೂಟಿಗೆ ಏನೋ ತಾಗಿತು. ಬಗ್ಗಿ ನೋಡಿದರೆ ಶಮಾಲ್, ಬಾಯಲ್ಲಿ ಮೊಲ, ಕಿತ್ತದ್ದಿಲ್ಲ, ತಿಂದದ್ದಿಲ್ಲ. ಅವನಿಗೆ ಕುದುರೆಯ ಕುತ್ತಿಗೆಯನ್ನು ಅಪ್ಪಿಕೊಂಡು ಅಳಬೇಕೆನಿಸಿತು. ಮನೆಗೆ ಬಂದು ಹೇಳಿದಾಗ ಬುರುಲ್ ಕೇಳಿದ್ದು ಒಂದೇ: "ತರೋದು ನೋಡಿದ್ರಾ?"

ನೋಡಿರಲಿಲ್ಲ. ಅದರ ಮುಂದಿನ ಸಲವೂ ನೋಡಲಿಲ್ಲ, ಅದರಾಚೆಯದೂ ಇಲ್ಲ. ಅವಳು ತರುತ್ತಿದ್ದಳು, ಅವನಿಗೆ ಗೊತ್ತಾಗುತ್ತಿದ್ದದ್ದು ರಿಕಾಪಿಗೆ ಮೂತಿ ತಾಗಿದಾಗ. ಕುದುರೆ ಉಸಿರಾಡಿದರೆ, ತಲೆ ಕೊಡವಿದರೆ, ಆ ಚಿಕ್ಕ ಸಂದಿಯಲ್ಲಿ ಇಡೀ ಬಯಲೇ ಕುಲುಕುತ್ತಿತ್ತು. ನೆಲದ ಮೇಲೆ ಅಲ್ಲಾಡದೆ ನಿಂತರೆ ಹಿಡಿಯಬಹುದೆಂದು ಒಂದು ದಿನ ಅವನು ನಾಯಿಯನ್ನು ಬಿಟ್ಟ ಕೂಡಲೇ ಕೆಳಗಿಳಿದ. ಲಗಾಮು ಬಿಟ್ಟ ಕುದುರೆ ಜೊಂಡಿನ ಕಡೆಗೆ ಮೇಯಲು ಹೋಯಿತು. ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವನಂತೆ ಒಂದೇ ದಿಕ್ಕಿಗೆ ನೋಡುತ್ತ ನಿಂತ. ಹಿಮದ ಮೇಲೆ ಹೆಜ್ಜೆಯ ಸದ್ದು ಬಂತು. ಹತ್ತಿರವಾಯಿತು. ಅವನ ತೀರ ಪಕ್ಕದಲ್ಲೇ ಹಾದು ಮುಂದಕ್ಕೆ ಹೋಯಿತು.

ತಿರುಗಿ ನೋಡಿದಾಗ ಶಮಾಲ್ ಜೊಂಡಿನ ಹತ್ತಿರ ಬೂದು ಕುದುರೆಯ ಖಾಲಿ ರಿಕಾಪಿನ ಪಕ್ಕ ನಿಂತಿದ್ದಳು. ಬಾಯಲ್ಲಿ ಮೊಲ. ತಲೆ ಎತ್ತಿ, ಜೀನಿನಿಂದ ಕೈ ಇಳಿದು ಬರುವುದನ್ನು ಕಾಯುತ್ತಿದ್ದಳು. ಕುದುರೆ ಅವಳ ಕಡೆ ಒಮ್ಮೆ ನೋಡಿ ಮತ್ತೆ ಜೊಂಡು ಜಗಿಯಿತು.

ಇದನ್ನು ಇನ್ನೊಬ್ಬರು ನೋಡದಿದ್ದರೆ ಹೇಗೋ ಇರುತ್ತಿತ್ತು. ಮಂಬೆತ್ ಹದ್ದನ್ನು ಹಾರಿಸಲು ಅದೇ ಇಳಿಜಾರಿಗೆ ಬಂದಿದ್ದ. ಹೊಟ್ಟೆ ಹುಣ್ಣಾಗುವಂತೆ ನಕ್ಕ. "ತಾಬಾಕೆ, ಬೀಗರು ನಾಯಿ ಕೊಟ್ಟಿದ್ದು ನಿಮಗಲ್ಲ, ನಿಮ್ ಕುದುರೆಗೆ. ಚಾವಟಿ ಮಾತ್ರ ನಿಮ್ದು ಹೋಯ್ತು." ಸಂಜೆಯೊಳಗೆ ಅಂಗಡಿಯ ಬಾಗಿಲಲ್ಲಿ, ಮಸೀದಿಯ ಜಗುಲಿಯಲ್ಲಿ ಅದೇ ಮಾತು. ನೀರುಗಂಟಿಯ ಬೂದು ಕುದುರೆ ಬೇಟೆಗೆ ಹೋಗುತ್ತದಂತೆ, ನೀರುಗಂಟಿ ಅದರ ಹಿಂದೆ ನಡೆದುಕೊಂಡು ಬರುತ್ತಾನಂತೆ.

ನಗುವವರಾರೂ ತಪ್ಪು ಎಲ್ಲಿತ್ತೆಂದು ನೋಡಲಿಲ್ಲ, ಏಕೆಂದರೆ ಅವರೂ ಅದೇ ತಪ್ಪನ್ನು ಮಾಡುತ್ತಿದ್ದರು. ಈ ಜನ ತೊಟ್ಟಿಲಿನಿಂದ ನೇರ ಜೀನಿಗೆ ಹತ್ತಿದವರು. ಪಕ್ಕದ ಮನೆಗೆ ಉಪ್ಪು ಕೇಳಲೂ ಕುದುರೆ ಬೇಕು. ಬಯಲಿನಲ್ಲಿ ತಾನೆಲ್ಲಿ ಮುಗಿಯುತ್ತೇನೆ, ಕುದುರೆ ಎಲ್ಲಿ ಶುರುವಾಗುತ್ತದೆ ಎಂಬುದು ತಾಬಾಲ್ದಿಗೇ ಗೊತ್ತಿರಲಿಲ್ಲ. ನಾಯಿಗೆ ಹೇಗೆ ಗೊತ್ತಾಗಬೇಕು? ಮನೆಯೊಳಗಿನ ಮುದುಕ ಕೊಬ್ಬು ಕೊಡುವವನು. ಬಯಲಿನ ಯಜಮಾನನಿಗೆ ನಾಲ್ಕು ಕಾಲು, ಬೂದು ಮೈ, ಪಕ್ಕೆಯಿಂದ ಇಳಿಯುವ ಕೈ. ಅವಳು ಕಲಿತದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ಬುರುಲ್ ಬಿಡಿಸಿ ಹೇಳಿದಳು: "ಅವಳ ಮುಂದೆ ನೀವು ಯಾವತ್ತಾದ್ರೂ ನಡೆದಿದೀರಾ? ನಡೀರಿ."

ಮುದುಕನೊಬ್ಬ ಚಳಿಗಾಲದ ಬಯಲಿನಲ್ಲಿ ಕಾಲ್ನಡಿಗೆಯಲ್ಲಿ ಹೋಗುವುದೆಂದರೆ ಅಲ್ಲಿ ಮಾನ ಹೋಗುವ ಮಾತು. ಕುದುರೆ ಸತ್ತಿರಬೇಕು, ಇಲ್ಲವೇ ಕುಡಿದು ಜೂಜಾಡಿ ಸೋತಿರಬೇಕು. ತಾಬಾಲ್ದಿ ಬೂದು ಕುದುರೆಯನ್ನು ಲಾಯದಲ್ಲಿ ಕಟ್ಟಿ, ಊರಿನ ಕಣ್ಣೆದುರೇ ನಡೆದು ಹೊರಟ. ದಾರಿಯಲ್ಲಿ ಸಿಕ್ಕ ಪ್ರತಿಯೊಬ್ಬ ಸವಾರನೂ ಲಗಾಮೆಳೆದು, ಹತ್ತಿಸಿಕೊಳ್ಳಲೇ ಎಂದು ಕೇಳಿದ. ಒಬ್ಬಾಕೆ ಮರುಕಪಟ್ಟು ಕತ್ತೆ ಕಳಿಸುತ್ತೇನೆ ಎಂದಳು. ಅವನು ಬೂಟಿನೊಳಗೆ ಹಿಮ ತುಂಬಿಕೊಂಡು, ಕಾಣದ ಕಲ್ಲುಗಳಿಗೆ ಎಡವುತ್ತ, ಮೊಣಕಾಲೂರಿ ಏಳುತ್ತ ನಡೆದ. ಶಮಾಲ್‌ಳಿಗೂ ಗೊಂದಲ. ಚರ್ಮದ ಮೊಲವನ್ನು ಎಸೆದರೆ ಬಾಯಲ್ಲಿ ಹಿಡಿದು ಸುತ್ತ ನೋಡುತ್ತಿದ್ದಳು, ಕುದುರೆ ಎಲ್ಲಿ ಎಂದು. ದೂರದಲ್ಲಿ ಯಾರದೋ ಬೂದು ಕುದುರೆ ಹೋಗುತ್ತಿದ್ದರೆ ಅದರ ಹಿಂದೆಯೇ ಓಡಿ, ಬೆರಗಾದ ಸವಾರನಿಗೆ ಒಪ್ಪಿಸಲು ತಲೆ ಎತ್ತುತ್ತಿದ್ದಳು. ತಾಬಾಲ್ದಿ ಕೈಗವಸು ಕಳಚಿ, ಬರಿಗೈಯನ್ನು ಮೊಣಕಾಲಿನ ಎತ್ತರಕ್ಕೆ ಇಳಿಬಿಟ್ಟು ಕಾಯುತ್ತಿದ್ದ. ಕೈ ಮರಗಟ್ಟುವವರೆಗೆ ಕಾಯುತ್ತಿದ್ದ.

ಮಾಘದ ಚಳಿ ಮುರಿಯುವ ಹೊತ್ತಿಗೆ ಏನೋ ಬದಲಾಗತೊಡಗಿತು. ಕುದುರೆಯ ಮೇಲಿದ್ದಾಗ ಶಮಾಲ್ ಯಾವತ್ತೂ ಅವನ ಮುಖ ನೋಡಿರಲಿಲ್ಲ. ಈಗ ನೋಡುತ್ತಿದ್ದಳು. ನಡೆಯುವಾಗ ಅವನ ಎಡಗಡೆಗೇ ಇರುತ್ತಿದ್ದಳು. ಎಡಗಣ್ಣೇ ಹೆಚ್ಚು ಹೋಗಿತ್ತು. ಅವನು ದಾರಿ ಬಿಟ್ಟು ಕಾಲುವೆಯ ಅಂಚಿಗೆ ವಾಲಿದರೆ ಅವಳ ಪಕ್ಕೆ ಅವನ ತೊಡೆಗೆ ತಾಗುತ್ತಿತ್ತು. ಇದನ್ನು ಅವನು ಕಲಿಸಿರಲಿಲ್ಲ. ಕಲಿಸಬೇಕೆಂದು ಹೊಳೆದೂ ಇರಲಿಲ್ಲ. ಮೊದಲ ಸಲ ಗಮನಕ್ಕೆ ಬಂದಾಗ ಅವನು ನಿಂತುಬಿಟ್ಟ. ಇಷ್ಟು ದಿನ ತಾನು ಇವಳಿಗೆ ಪಾಠ ಹೇಳುತ್ತಿದ್ದೇನೆ ಎಂದುಕೊಂಡದ್ದು ನೆನೆದು ಅವನಿಗೆ ನಾಚಿಕೆಯಾಯಿತು, ಒಂದು ಬಗೆಯ ಹೆದರಿಕೆಯೂ ಆಯಿತು. ದೊಡ್ಡವರ ಮುಂದೆ ಬಾಯಿಬಡುಕನಾಗಿ ಮಾತಾಡಿ ಆಮೇಲೆ ಗೊತ್ತಾದಾಗ ಆಗುವ ಹೆದರಿಕೆ.

ಆದರೆ ಸಂದಿಯೂ ಕಿರಿದಾಗುತ್ತಿತ್ತು. ಬಟ್ಟಲಿನಲ್ಲಿ ಚಹಾ ಕಂಡರೆ ಬಟ್ಟಲಿನ ಅಂಚು ಕಾಣುತ್ತಿರಲಿಲ್ಲ. ಬೇಟೆಯ ಕಾಲ ಮುಗಿಯುತ್ತ ಬಂದಿತ್ತು. ಹಿಮ ಕರಗಿದರೆ ಮೊಲಗಳನ್ನು ಮುಟ್ಟುವಂತಿಲ್ಲ, ಮತ್ತು ಮುಂದಿನ ಹಿಮ ಬೀಳುವ ಹೊತ್ತಿಗೆ ತನಗೆ ಬಿಳಿಯೂ ಕಪ್ಪೂ ಒಂದೇ ಎಂದು ಅವನಿಗೆ ಗೊತ್ತಿತ್ತು.

ಆಗ ಎಸೆಂಗುಲ್ ಬಂದ. ಕುದುರೆಗೆ ನಾಯಿ ಕೊಟ್ಟ ಮಹಾನುಭಾವ ಎಂಬ ಕೀರ್ತಿ ಬೆಟ್ಟ ದಾಟಿ ಅವನ ಕಿವಿಗೂ ಬಿದ್ದಿತ್ತು. ಊಟವಾದ ಮೇಲೆ, ನಾಳೆ ಬೆಳಿಗ್ಗೆ ಅದನ್ನು ನಾನೂ ನೋಡಬೇಕು ಎಂದ. ಬೀಗರೆಂದರೆ ದೇವರ ಲೆಕ್ಕ. ಮನೆಗೆ ಬಂದ ಬೀಗನಿಗೆ ಯಜಮಾನ ತನ್ನ ಸ್ವಂತ ಕುದುರೆಯನ್ನೇ ಕೊಡಬೇಕು. ಹೀಗಾಗಿ ಮರುದಿನ ಬೂದು ಕುದುರೆಯ ಮೇಲೆ ಎಸೆಂಗುಲ್, ತನ್ನ ಕುದುರೆಯ ಮೇಲೆ ಹದ್ದಿಲ್ಲದೆ ಮಂಬೆತ್, ಮತ್ತು ಕಾಲ್ನಡಿಗೆಯಲ್ಲಿ ತಾಬಾಲ್ದಿ. ಇದಕ್ಕಿಂತ ಕೆಟ್ಟ ಏರ್ಪಾಡು ಇರಲು ಸಾಧ್ಯವಿಲ್ಲ. ಬೀಗನನ್ನು ಕುದುರೆಯಿಂದ ಇಳಿ ಎನ್ನುವುದು ಹೇಗೆ? ಬುರುಲ್ ಬಾಗಿಲಲ್ಲಿ ನಿಂತು ಅವನ ಟೋಪಿಯನ್ನು ಸರಿಮಾಡಿದಳು.

ಮೇಲಿನ ಬಯಲು ಬಿಸಿಲಿಗೆ ಹೊಳೆಯುತ್ತಿತ್ತು. ಮೊಲ ಎದ್ದದ್ದು ಬಲಗಡೆ, ಒಣ ಹಳ್ಳದ ಅಂಚಿನಿಂದ. ತಾಬಾಲ್ದಿಗೆ ಅದು ಕಾಣಲಿಲ್ಲ. ಕಾಲಿಗೆ ಒರಗಿದ್ದ ಶಮಾಲ್‌ಳ ಮೈ ಬಿಗಿಯಾದದ್ದು ತಿಳಿಯಿತು. ಬಿಸ್ಮಿಲ್ಲಾ ಎಂದು ಬಿಟ್ಟ. ಎಸೆಂಗುಲ್ ಹಳೆಯ ಚಾಳಿಯಂತೆ ಕೂಗು ಹಾಕಿ ಕುದುರೆಯನ್ನು ಹಿಂದೆಯೇ ಓಡಿಸಿದ. ನಾಯಿ ಬಿಡುವುದು ಕಂಡರೆ ಅವನ ಕಾಲು ತಾನೇ ಕುದುರೆಯ ಪಕ್ಕೆಗೆ ಹೊಡೆಯುತ್ತದೆ.

ಹಿಮದ ಹೊಳಪಿನಲ್ಲಿ ತಾಬಾಲ್ದಿಗೆ ಕಂಡದ್ದು ಬರೀ ಬಿಳುಪು. ಪಕ್ಕದಲ್ಲಿ ಮಂಬೆತ್ ಕುದುರೆಯ ಮೇಲಿಂದ ಜಾತ್ರೆಯಲ್ಲಿ ಕುಸ್ತಿ ವರ್ಣಿಸುವವನ ಹಾಗೆ ಹೇಳುತ್ತಿದ್ದ. ದಿಬ್ಬ ಹತ್ತಿದಳು. ಮೊಲವನ್ನು ತಿರುಗಿಸಿದಳು. ದಿಬ್ಬದಾಚೆ ಇಳಿದಳು, ಈಗ ಎರಡೂ ಕಾಣುತ್ತಿಲ್ಲ. ಬೀಗರು ಅರ್ಧ ದಾರಿಯಲ್ಲಿ ನಿಂತರು, ಬೂದು ಕುದುರೆಗೆ ದಮ್ಮು ಸಾಲದು. ಬಹಳ ಹೊತ್ತು ಏನೂ ಇಲ್ಲ. "ಅಗೋ ಬಂದ್ಳು. ಬಾಯಲ್ಲಿದೆ. ಆಯ್ತು ತಾಬಾಕೆ, ನೇರ ಕುದುರೆ ಹತ್ರ ಹೋಗ್ತಿದಾಳೆ. ನಿಂತ್ಳು. ಬೀಗರು ಕೈ ಚಾಚಿದ್ರು ನೋಡಿ."

ತಾಬಾಲ್ದಿ ಕೈಗವಸು ಕಳಚಿದ. ಬರಿಗೈಯನ್ನು ಮೊಣಕಾಲಿನ ಎತ್ತರಕ್ಕೆ ಇಳಿಬಿಟ್ಟು ನಿಂತ. ಅಷ್ಟು ದೂರದಲ್ಲಿ, ಅವಳ ಎದುರಿಗೆ, ಅವಳು ಇಡೀ ಶರತ್ಕಾಲ ಕಾದ ಜಾಗದಿಂದಲೇ ಒಂದು ಕೈ ಇಳಿದು ಬಂದಿದೆ. ಕಲಿಸಿದ ಪಾಠದ ಪ್ರಕಾರ ಅವಳು ಅಲ್ಲೇ ಕೊಡಬೇಕು. ಕೊಟ್ಟರೆ ಅವಳದೇನೂ ತಪ್ಪಿಲ್ಲ.

ಮಂಬೆತ್ ಮಾತು ನಿಲ್ಲಿಸಿದ್ದ.

"ಏನಾಯ್ತು?" ತಾಬಾಲ್ದಿ ಕೇಳಿದ. "ಮಂಬೆತ್, ಏನಾಯ್ತೋ? ಯಾವ ಕಡೆ ಇದಾಳೆ?"

ಬಟ್ಟಬಯಲಿನಲ್ಲಿ ಅದು ಕುರುಡನಿಗೆ ಬಿಟ್ಟರೆ ಯಾರಿಗೂ ಕೇಳುವ ಅಗತ್ಯವಿಲ್ಲದ ಪ್ರಶ್ನೆ. ಮಂಬೆತ್ ಜೀನಿನ ಮೇಲಿಂದ ಬಗ್ಗಿ ಮುದುಕನ ಮುಖವನ್ನು ನೋಡಿದ. ಕಣ್ಣುಗಳು ತೆರೆದಿದ್ದವು, ಬೇರೆಲ್ಲೋ ನೋಡುತ್ತಿದ್ದವು. ಇಡೀ ಚಳಿಗಾಲದ ನಡಿಗೆ, ಎಡವುವುದು, ಕೇಳಿದವರಿಗೆಲ್ಲ ನಕ್ಕು ಸುಮ್ಮನಾಗುವುದು, ಎಲ್ಲ ಅವನಿಗೆ ಒಮ್ಮೆಗೇ ಅರ್ಥವಾಯಿತು. ಅವನು ಕುದುರೆಯಿಂದ ಇಳಿದ.

"ಬರ್ತಿದಾಳೆ ತಾಬಾಕೆ," ಅವನ ದನಿ ತಗ್ಗಿತ್ತು. "ಬೀಗರ ಕೈ ಮೂಸಿ ಬಿಟ್ಟು ಬರ್ತಿದಾಳೆ. ನಿಮ್ ಕಡೆಗೇ. ಸ್ವಲ್ಪ ಎಡಕ್ಕೆ ತಿರುಗಿ. ಇನ್ನೂ ಎಡಕ್ಕೆ. ಹಾಂ, ಅಲ್ಲೇ. ಅಲ್ಲಾಡ್ಬೇಡಿ."

ತಾಬಾಲ್ದಿ ಅಲ್ಲಾಡಲಿಲ್ಲ. ಮೊದಲು ಬಿಳುಪಿನ ನಡುವೆ ಮರಳಿನ ಬಣ್ಣದ ಒಂದು ಚುಕ್ಕೆ. ಚುಕ್ಕೆಗೆ ಕಾಲು ಬಂದವು. ಕಿವಿಯ ಉದ್ದ ಕೂದಲು ಹಾರುವುದು ಕಂಡಿತು. ಅವನ ಪಾಲಿಗೆ ಉಳಿದಿದ್ದ ಲೋಕ ನಾಯಿಯೊಂದರ ಅಗಲದಷ್ಟೇ ಇತ್ತು, ಮತ್ತು ಆ ನಾಯಿ ಅದರ ನಟ್ಟನಡುವೆ ಬರುತ್ತಿತ್ತು. ಓಡುತ್ತಿರಲಿಲ್ಲ. ತಲೆ ಎತ್ತಿ, ಹೊತ್ತದ್ದು ನೆಲಕ್ಕೆ ತಾಗದ ಹಾಗೆ, ಹದವಾಗಿ ಬರುತ್ತಿತ್ತು. ಪಕ್ಕೆಗಳು ಏದುಸಿರಿಗೆ ಉಬ್ಬಿ ಇಳಿಯುತ್ತಿದ್ದವು. ಹಸಿದ ಹೊಟ್ಟೆ, ಬಿಸಿಯಾದ ಮೊಲ, ಹಲ್ಲಿನ ನಡುವೆ ಅದರ ಎದೆ ಬಡಿತ. ಒಮ್ಮೆ ದವಡೆ ಬಿಗಿದರೆ ಮುಗಿಯಿತು, ತಡೆಯುವವರು ಯಾರೂ ಇಲ್ಲ. ಆದರೂ ತರುತ್ತಿದ್ದಳು. ಹಗ್ಗವಿಲ್ಲ, ಕರೆಯಿಲ್ಲ. ಅವಳ ಕಣ್ಣು ಅವನ ಮುಖದ ಮೇಲಿತ್ತು. ತನ್ನನ್ನು ಹೀಗೆ ಇನ್ನೊಂದು ಜೀವ ನೋಡಿದ್ದು ತಾಬಾಲ್ದಿಗೆ ನೆನಪಿರಲಿಲ್ಲ. ಮಸೀದಿಯಲ್ಲಿ ಹಣೆ ನೆಲಕ್ಕಿಟ್ಟಾಗಲೂ ಅವನಿಗೆ ಯಾವತ್ತೂ ಇಷ್ಟು ಚಿಕ್ಕವನೆನಿಸಿರಲಿಲ್ಲ, ಇಷ್ಟು ಸಂತೋಷವೂ ಆಗಿರಲಿಲ್ಲ.

ಅಂಗೈಗೆ ತುಪ್ಪಳದ ಬಿಸಿ ತಾಗಿತು. ಅವನು ಬೆರಳು ಮುಚ್ಚಿದ. ಮೊಲದ ಎದೆ ಅವನ ಬೆರಳಿನ ಕೆಳಗೆ ಹೊಡೆದುಕೊಳ್ಳುತ್ತಿತ್ತು. ಉಸ್ಸೆಂದು ಉಸಿರು ಬಿಟ್ಟು ಶಮಾಲ್ ಬಾಯಿ ತೆರೆದಳು.

ಎಸೆಂಗುಲ್ ಅಷ್ಟರಲ್ಲಿ ಬಂದು ಕುದುರೆಯಿಂದ ಇಳಿದಿದ್ದ. ಮೊಲದ ತುಪ್ಪಳವನ್ನು ಊದಿ ಊದಿ ಬಿಡಿಸಿ ಹಲ್ಲಿನ ಗುರುತು ಹುಡುಕಿದ. ಸಿಗಲಿಲ್ಲ. ಅವನ ಕಡೆ ಬೇಟೆಗಾರರಿಗೆ ಹರಸುವ ಮಾತೊಂದಿದೆ, ಬೇಟೆ ಕಟ್ಟುವ ನಿನ್ನ ಜೀನಿನ ಪಟ್ಟಿ ಸದಾ ರಕ್ತವಾಗಿರಲಿ ಎಂದು. ಅದನ್ನು ಹೇಳಲು ಬಾಯಿ ತೆರೆದವನು, ಎದುರಿಗಿರುವ ಮನುಷ್ಯನಿಗೆ ಜೀನೇ ಇಲ್ಲವೆಂದು ನೆನಪಾಗಿ, ಟೋಪಿ ತೆಗೆದು ನಿಂತ.

ತಾಬಾಲ್ದಿ ಸೊಂಟದ ಚೂರಿ ತೆಗೆದು ಮಂಬೆತ್‌ನ ಕಡೆ ಚಾಚಿದ. "ನೀನೇ ಕುಯ್ಯಪ್ಪ. ನನ್ ಕಣ್ಣು ನಂಬೋ ಹಾಗಿಲ್ಲ," ಎಂದ. ಊರಿನವರೊಬ್ಬರ ಮುಂದೆ ಆ ಮಾತನ್ನು ಅವನು ಆಡಿದ್ದು ಅದೇ ಮೊದಲು, ಮತ್ತು ಆಡುವುದು ಇಷ್ಟು ಸುಲಭ ಎಂದು ಅವನಿಗೆ ಗೊತ್ತಿರಲಿಲ್ಲ. ಮಂಬೆತ್ ಚೂರಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

ಮಧ್ಯಾಹ್ನ ಮೂವರೂ ಊರಿಗೆ ಬಂದಾಗ ಮೂವರೂ ನಡೆದುಕೊಂಡು ಬಂದರು, ಕುದುರೆಗಳು ಹಿಂದೆ ಬಂದವು. ಅಂಗಡಿಯ ಬಾಗಿಲಲ್ಲಿ ಕೂತಿದ್ದವರು ಏನೋ ಕೂಗಬೇಕೆಂದವರು ಮಂಬೆತ್‌ನ ಮುಖ ನೋಡಿ ಸುಮ್ಮನಾದರು. ಬುರುಲ್ ಬಾಗಿಲಲ್ಲೇ ಇದ್ದಳು. ಅವಳು ಜೀನಿಗೆ ಕಟ್ಟಿದ್ದ ಮೊಲದ ಕಡೆ ನೋಡಲಿಲ್ಲ, ಬೀಗರ ಕಡೆಗೂ ನೋಡಲಿಲ್ಲ. ಗಂಡನ ತೋಳು ಹಿಡಿದು ಹೊಸಿಲ ಹತ್ತಿರ ನಿಲ್ಲಿಸಿಕೊಂಡಳು.

"ಕಂಡಿತಾ?"

"ಕಂಡಿತು."

ಅವಳು ಅವನನ್ನು ಒಲೆಯ ಪಕ್ಕ ಕೂರಿಸಿ, ಬೂಟು ಎಳೆದು, ಒದ್ದೆ ಕಾಲನ್ನು ತನ್ನ ಮಡಿಲಲ್ಲಿಟ್ಟು ಉಜ್ಜಿದಳು. ಅವನು ಹೇಳತೊಡಗಿದ: ಮೊದಲು ಒಂದು ಚುಕ್ಕೆ, ಆಮೇಲೆ ಕಾಲು, ಆಮೇಲೆ ಕಿವಿಯ ಕೂದಲು. ಶಮಾಲ್ ಅದೇ ಒಲೆಯ ಪಕ್ಕ, ಬುರುಲ್‌ಳ ಕಣ್ಣೆದುರೇ, ಕಂಬಳಿಯ ಮೇಲೆ ಮಲಗಿ ನಿದ್ದೆ ಹೋಗಿದ್ದಳು. ಆದರೂ ಅವಳ ಹುಬ್ಬಿನ ಮೇಲೆ ಹಿಮ ಹೇಗಿತ್ತು, ಕಣ್ಣು ಯಾವ ಬಣ್ಣವಿತ್ತು ಎಂದು ಬುರುಲ್ ಒಂದೊಂದನ್ನೂ ಕೇಳಿದಳು, ಅವನು ಒಂದೊಂದನ್ನೂ ಹೇಳಿದ.